ಬಾನೆಟ್ಟಿಗೆ ಹಾಕಿದ ಸೀಲು

ನನಗೆ ಕಾರು ಓಡಿಸಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಆದರೂ ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಎರಡು ಕಾರು, ನಾಲ್ಕು ಜೀಪುಗಳ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳು ಅವು. ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಬೀದಿ ಅಳೆಯುತ್ತಿದ್ದವರನ್ನೆಲ್ಲ ಕರೆದು ಕೆಲಸ ಕೊಡುತ್ತಿದ್ದರು. ಯಾರಿಗೆ ಏನು ಬರುತ್ತದೆ ಎಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ‘ವೆಹಿಕಲ್ ಇನ್‌ಚಾರ್ಜ್’ ಎಂದು ಬರೆದ ಹಲಗೆಯನ್ನು ನನ್ನ ಮೇಜಿನ ಮೇಲೆ ಇಟ್ಟ ದಿನ ಅದನ್ನು ಕರವಸ್ತ್ರದಿಂದ ಮೂರು ಸಲ ಒರೆಸಿದೆ. ಮೂರು ಸಲವೂ ಅದರ ಮೇಲೆ ಕೆಂಪು ಧೂಳು ಬಂದು ಕೂತಿತು.

ನಮ್ಮದು ವೈಷ್ಣವರ ಮನೆ, ಅಪ್ಪ ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಹಣೆಗೆ ಗೋಪೀಚಂದನ ಹಚ್ಚಿಕೊಂಡು ಹೊಸಪೇಟೆಯಲ್ಲಿ ಬಸ್ಸು ಹತ್ತುತ್ತಿದ್ದೆ. ಸಂಡೂರು ಮುಟ್ಟುವ ಹೊತ್ತಿಗೆ ನಾಮದ ಬಣ್ಣವೇ ಬದಲಾಗಿರುತ್ತಿತ್ತು. ಆ ನಾಮ ನೋಡಿ ಡ್ರೈವರುಗಳು ನನ್ನನ್ನು ‘ಆಚಾರ್ರ’ ಎನ್ನುತ್ತಿದ್ದರು. ನಾನು ಯಾವ ಆಚಾರ್ಯನೂ ಅಲ್ಲ. ಆದರೆ ಬಿಟ್ಟಿ ಸಿಕ್ಕ ಗೌರವವನ್ನು ಬೇಡ ಎನ್ನುವ ಜಾತಿಯವನೂ ನಾನಲ್ಲ.

ಎರಡು ಕಾರುಗಳಲ್ಲಿ ಒಂದು ಧಣಿಗಳದ್ದು. ಅದು ಬೆಂಗಳೂರು, ಹುಬ್ಬಳ್ಳಿ ಎಂದು ದೊಡ್ಡ ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ. ಇನ್ನೊಂದು ಕಚೇರಿಯ ಬಿಳಿ ಡೀಸೆಲ್ ಕಾರು. ಬಿಳಿ ಎನ್ನುವುದು ಕಾಗದದ ಮೇಲೆ ಮಾತ್ರ. ಎಂಜಿನಿಯರರನ್ನು ಗಣಿಗೆ ಮುಟ್ಟಿಸುವುದು, ಕುರೆಕುಪ್ಪಕ್ಕೆ ಹೋಗಿ ಬರುವುದು, ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದ ಅತಿಥಿಗಳಿಗೆ ಹಂಪಿ ತೋರಿಸುವುದು, ಹೀಗೆ ದಿನವಿಡೀ ಅದಿರು ಲಾರಿಗಳ ಬೆನ್ನು ನೋಡುತ್ತ ತೆವಳುವುದೇ ಅದರ ಹಣೆಬರಹ. ಅದನ್ನು ಓಡಿಸುತ್ತಿದ್ದವರು ಕಂಪ್ಲಿ ಹತ್ತಿರದ ಮೆಟ್ರಿ ಎಂಬ ಊರಿನವರು. ವಯಸ್ಸು ಐವತ್ತೈದು ದಾಟಿತ್ತು. ಕಚೇರಿಯವರೆಲ್ಲ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಊರಿನ ಸುತ್ತ ಮದುವೆ ಇದ್ದರೆ ಹೆಣ್ಣಿನ ಕಡೆಯವರು ಒಡವೆ ಪೆಟ್ಟಿಗೆಯನ್ನು ಸ್ವಂತ ಅಳಿಯನ ಕೈಗೂ ಕೊಡದೆ, ಇವರು ಓಡಿಸುವ ಗಾಡಿಯಲ್ಲಿ ಇಟ್ಟು ಕಳಿಸುತ್ತಿದ್ದರಂತೆ. ಇದನ್ನು ಅವರು ತಾವಾಗಿ ಹೇಳಿಕೊಂಡವರಲ್ಲ, ಕ್ಯಾಂಟೀನಿನ ಅಡುಗೆಯವ ನನಗೆ ಹೇಳಿದ್ದು.

ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಅವರು ಬಾನೆಟ್ ಎತ್ತಿ ಏರ್ ಫಿಲ್ಟರ್ ಬಿಚ್ಚುತ್ತಿದ್ದರು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ, ಕಾಗದದ ಮಡಿಕೆಗಳಿರುವ ವಸ್ತು ಅದು. ಕಚೇರಿ ಮುಂದಿನ ಬೇವಿನ ಗಿಡದ ಕಟ್ಟೆಗೆ ಅದನ್ನು ಮೆಲ್ಲಗೆ ಬಡಿದರೆ ಒಂದು ಹಿಡಿ ಕೆಂಪು ಪುಡಿ ಬೀಳುತ್ತಿತ್ತು. ವಾರಕ್ಕೆರಡು ಸಲ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ನೋಡಿಸುತ್ತಿದ್ದರು. ಅಲ್ಲೇ ಫಿಲ್ಟರಿಗೂ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸುತ್ತಿದ್ದರು. ಪ್ರತಿ ಟ್ರಿಪ್ಪು ಮುಗಿದ ಮೇಲೆ ಗಾಡಿಗೆ ಒಂದು ಸುತ್ತು ಬಂದು, ಮಗುವಿಗೆ ಜ್ವರ ನೋಡುವ ಹಾಗೆ ನಾಲ್ಕು ಚಕ್ರಗಳ ಹತ್ತಿರ ಕೈ ಇಟ್ಟು ನೋಡುತ್ತಿದ್ದರು. ಒಂದು ಚಕ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದರ ಬ್ರೇಕು ಬಿಡದೆ ಹಿಡಿದುಕೊಂಡಿದೆ ಎಂದು ಅರ್ಥವಂತೆ. ಹಾಗೆ ಹಿಡಿದ ಬ್ರೇಕನ್ನು ಎಳೆದುಕೊಂಡು ಓಡುವ ಗಾಡಿ ಡೀಸೆಲ್ ಜಾಸ್ತಿ ಕುಡಿಯುತ್ತದಂತೆ.

“ಇದಕ್ಕೆಲ್ಲ ರೊಕ್ಕ ಹತ್ತಂಗಿಲ್ರೀ ಆಚಾರ್ರ,” ಎಂದಿದ್ದರು ಒಮ್ಮೆ. “ಕೈ ಹಚ್ಚಬೇಕು ಅಷ್ಟ. ಕೈ ಹಚ್ಚಿದ್ರ ಗಾಡಿ ಆವರೇಜ್ ಕೊಡತೈತಿ.”

ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂಬುದನ್ನು ನಮ್ಮ ಕಡೆ ಆವರೇಜ್ ಎನ್ನುತ್ತಾರೆ. ಆ ಬಿಳಿ ಕಾರಿನ ಆವರೇಜ್ ಹದಿನೈದು. ಗಣಿ ಕಚೇರಿಗಳಲ್ಲಿ ಗಾಡಿಯ ಆವರೇಜ್ ಎಂದರೆ ಡ್ರೈವರನ ನಡತೆ. ಬಂದರೆ ಒಳ್ಳೆಯವ, ಬರದಿದ್ದರೆ ಡೀಸೆಲ್ ಕಳ್ಳ. ಈ ಎರಡರ ನಡುವೆ ಮೂರನೆಯದೊಂದು ಕಾರಣ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ನನಗಿಂತ ಬುದ್ಧಿವಂತರಿಗೂ ಹೊಳೆಯುತ್ತಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಫಿಲ್ಟರ್ ಬಿಚ್ಚಿದ್ದರೆ ದಡ್ಡನಿಗೂ ಕಾಣುತ್ತಿತ್ತು.

ಡೀಸೆಲ್ ಕಳವು ಆಗ ನಿಜವಾಗಿಯೂ ನಡೆಯುತ್ತಿತ್ತು. ಬಾನೆಟ್ ಎತ್ತಿ ಪೈಪು ಸಡಿಲಿಸಿ ಕ್ಯಾನಿಗೆ ಇಳಿಸಿಕೊಳ್ಳುತ್ತಾರೆ, ರಸ್ತೆ ಬದಿಯ ಪಂಕ್ಚರ್ ಅಂಗಡಿಗಳಲ್ಲಿ ಮಾರುತ್ತಾರೆ ಎಂದು ದಿನಕ್ಕೊಂದು ಕಥೆ. ನಮ್ಮ ಮ್ಯಾನೇಜರು ಆಂಧ್ರದ ಕಡೆಯವರು, ಬಾಯಿ ತೆರೆದರೆ ಅರ್ಧ ತೆಲುಗು. ಅವರು ನನ್ನನ್ನು ಕರೆದು, “ಏನಾದ್ರೂ ಮಾಡಂಡಿ, ನೀವು ಇನ್‌ಚಾರ್ಜ್ ಕದಾ,” ಎಂದರು. ಏನಾದರೂ ಮಾಡಲೇಬೇಕೆಂಬ ಹುರುಪು ನನಗೂ ಇತ್ತು. ಎರಡು ದಿನ ಯೋಚಿಸಿ ಒಂದು ಉಪಾಯ ಹೇಳಿದೆ. ಮನೆಯ ಕರೆಂಟ್ ಮೀಟರಿಗೆ ತಂತಿ ಕಟ್ಟಿ ಸೀಸದ ಸೀಲು ಒತ್ತಿರುತ್ತಾರಲ್ಲ, ಹಾಗೆಯೇ ಎರಡೂ ಕಾರುಗಳ ಬಾನೆಟ್ಟಿಗೆ ಮತ್ತು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಸೀಲು. ಒತ್ತುವ ಇಕ್ಕಳ ನನ್ನ ಕೈಯಲ್ಲಿ. ಶನಿವಾರಕ್ಕೊಮ್ಮೆ ನನ್ನೆದುರಿಗೇ ಬಿಚ್ಚಿ ಆಯಿಲ್, ನೀರು ನೋಡಿ ಮತ್ತೆ ಒತ್ತುವುದು; ಟ್ಯಾಂಕಿನದನ್ನು ಡೀಸೆಲ್ ಹಾಕಿಸುವಾಗ ಮಾತ್ರ ಬಿಚ್ಚುವುದು. ಉಳಿದದ್ದನ್ನೆಲ್ಲ ಐದು ಸಾವಿರ ಕಿಲೋಮೀಟರಿಗೊಮ್ಮೆ ಗ್ಯಾರೇಜಿನವರು ನೋಡಿಕೊಳ್ಳುತ್ತಾರೆ ಎಂದು ಬುಕ್ಕಿನಲ್ಲೇ ಬರೆದಿತ್ತು. ಜೊತೆಗೆ ಪಂಕ್ಚರ್ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಬಾರದೆಂಬ ನಿಯಮವನ್ನೂ ಸೇರಿಸಿದೆ. ಮ್ಯಾನೇಜರು ನನ್ನ ಬೆನ್ನು ತಟ್ಟಿದರು. ಆ ಬುಕ್ಕು ಬರೆದವರು ಸಂಡೂರಿನ ರಸ್ತೆ ನೋಡಿರಲಿಲ್ಲ, ನಾನು ದಿನಾ ನೋಡುತ್ತಿದ್ದೆ.

ಮೊದಲ ಸೀಲು ಒತ್ತಿದ ದಿನ ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು. ನಾಲ್ಕೈದು ದಿನ ಕಳೆದ ಮೇಲೆ ನನ್ನ ಮೇಜಿನ ಹತ್ತಿರ ಬಂದರು.

“ಆಚಾರ್ರ, ಒಂದೀಟು ಸೀಲ್ ಬಿಚ್ರಿ. ಫಿಲ್ಟರ್ ಬಡದು ಹಾಕ್ತೀನಿ. ನೀವಾ ನಿಂತು ನೋಡ್ರಿ ಬೇಕಾದ್ರ.”

“ಶನಿವಾರ ಬಿಚ್ಚತೀನಲ್ಲ ದೊಡ್ಡಪ್ಪ.”

“ಶನಿವಾರ ಬರೇ ಆಯಿಲ್ ಕಡ್ಡಿ ನೋಡಿ ಮುಚ್ಚಿಬಿಡ್ತೀರಿ. ಫಿಲ್ಟರ್ ದಿನಾ ಬಡೀಬೇಕ್ರೀ ಈ ಧೂಳಿಗೆ.”

“ದಿನಾ ಬಿಚ್ಚೂದಾದ್ರ ಸೀಲ್ ಯಾಕ ಬೇಕು?” ಎಂದೆ. ಚತುರ ಉತ್ತರ ಕೊಟ್ಟೆನೆಂದು ನನಗೇ ಸಂತೋಷವಾಯಿತು. ಅವರು ಹೋದ ಮೇಲೆ ಪಕ್ಕದ ಮೇಜಿನ ಗುಮಾಸ್ತ ಕಣ್ಣು ಮಿಟುಕಿಸಿ, “ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ನೋಡ್ರಿ,” ಎಂದ. ನಾನು ನಕ್ಕೆ. ಆ ನಗೆಯೊಂದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಅವರು ಮತ್ತೆ ಕೇಳಿದರು, ಮತ್ತೂ ಕೇಳಿದರು. ಪ್ರತಿ ಸಲ ಕೇಳಿದಾಗಲೂ ನನ್ನ ಅನುಮಾನ ಬಲಿಯಿತು. ಬಾನೆಟ್ಟಿನೊಳಗೆ ಈ ಮನುಷ್ಯನಿಗೆ ಅಷ್ಟೇನು ಕೆಲಸ? ಆವರೇಜ್ ಹದಿನೈದರಿಂದ ಹದಿಮೂರಕ್ಕೆ ಇಳಿಯಿತು, ಆಮೇಲೆ ಹನ್ನೊಂದಕ್ಕೆ. ಧಣಿಗಳ ಕಾರಿನದು ಇಳಿಯಲಿಲ್ಲ. ಎರಡಕ್ಕೂ ಒಂದೇ ಸೀಲು, ಒಂದು ಇಳಿಯುತ್ತದೆ, ಇನ್ನೊಂದು ಇಳಿಯುವುದಿಲ್ಲ ಎಂದರೆ ತಪ್ಪು ಡ್ರೈವರನದೇ ಅಲ್ಲವೇ? ಹೀಗಿತ್ತು ನನ್ನ ತರ್ಕ. ಒಂದು ಕಾರು ಡಾಂಬರಿನ ಮೇಲೆ, ಇನ್ನೊಂದು ಅದಿರು ಲಾರಿಯ ಹಿಂದೆ ಎಂಬುದು ಆ ತರ್ಕದೊಳಗೆ ಬರಲಿಲ್ಲ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಜೀಪು ಡ್ರೈವರುಗಳೆಲ್ಲ ಕೂತಿದ್ದಾಗ, “ನಮ್ಮ ಡೀಸೆಲ್ ಕುಡಿಯೋದು ಗಾಡಿ ಒಂದೇ ಅಲ್ಲಪ್ಪ,” ಎಂದುಬಿಟ್ಟೆ. ಎಲ್ಲರೂ ನಕ್ಕರು. ಸಂಜೆಯೊಳಗೆ ಆ ಮಾತು ದೊಡ್ಡಪ್ಪನ ಕಿವಿ ಮುಟ್ಟಿತ್ತು.

ಮರುದಿನ ಅವರು ಕಚೇರಿಯ ಒಳಗೆ ಬಂದು ಎಲ್ಲರ ಎದುರು ನಿಂತು ಹೇಳಿದರು.

“ಟ್ಯಾಂಕ್ ಕಂಠಮಟ ತುಂಬಿಸ್ರಿ. ನೀವಾ ಬರ್ರಿ, ನನ್ನ ಬಾಜೂಕ ಕುಂದ್ರಿ. ಕಂಪ್ಲೀತನಕ ಹೋಗಿ ಬರೂಣು. ವಾಪಸ್ ಬಂದು ಮತ್ತ ತುಂಬಿಸ್ರಿ. ನಿಮ್ಮ ಕಣ್ಣಿಗೆ ಕಂಡಷ್ಟು ನಂಬ್ರಿ, ನನ್ನ ಮಾತು ನಂಬಬ್ಯಾಡ್ರಿ.”

ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸಿಟ್ಟಿಗೆ ಎಂದುಕೊಂಡೆ. ಭಯಕ್ಕೆ ಎಂದು ಈಗ ಗೊತ್ತು. ಡೀಸೆಲ್ ಕಳ್ಳ ಎಂಬ ಹೆಸರು ಬಂದ ಡ್ರೈವರನಿಗೆ ಹೊಸಪೇಟೆಯಿಂದ ಬಳ್ಳಾರಿಯವರೆಗೆ ಯಾರೂ ಸ್ಟೇರಿಂಗ್ ಕೊಡುತ್ತಿರಲಿಲ್ಲ. ಅವರಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಡವೆ ಪೆಟ್ಟಿಗೆ ನಂಬಿ ಕೊಡುವ ಊರು ಅವರದು.

ಗುರುವಾರ ಹೊರಟೆವು. ಘಾಟಿ ಇಳಿದು ಹೊಸಪೇಟೆ ಸೇರುವಷ್ಟರಲ್ಲಿ ಎರಡು ಕಡೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಗಾಜು ಏರಿಸಿದರೂ ಧೂಳು ಒಳಗೆ ಬಂತು. ದಿಬ್ಬ ಬಂದಾಗ ಗಾಡಿ ಏದುಸಿರು ಬಿಟ್ಟಿತು. ಹಿಂದೆ ನೋಡಿದರೆ ಕರಿ ಹೊಗೆ.

“ನೋಡ್ರಿ ಹೊಗಿ,” ಎಂದರು ದೊಡ್ಡಪ್ಪ. “ಗಾಡಿಗೆ ಉಸಿರು ಕಟ್ಟೈತಿ. ಇಕ್ಕಳ ನಿಮ್ಮ ಚೀಲದಾಗ ಐತಲ್ರೀ. ಇಲ್ಲೇ ನಿಲ್ಲಸ್ತೀನಿ, ಸೀಲ್ ಬಿಚ್ರಿ. ಒಂದಾ ಒಂದ್ಸಲ ಫಿಲ್ಟರ್ ತೆಗದು ನೋಡ್ರಿ.”

ಇಕ್ಕಳ ಚೀಲದಲ್ಲಿತ್ತು. ನಾನು ಅಲ್ಲಿ ಕೂತು ಎಂಥ ಲೆಕ್ಕ ಹಾಕಿದೆ ಗೊತ್ತೇ? ಈತ ಒಳಗೆ ಏನೋ ಕಿತಾಪತಿ ಮಾಡಿಟ್ಟಿದ್ದಾನೆ, ಈಗ ಬಿಚ್ಚಿದರೆ ಅದನ್ನು ಸರಿ ಮಾಡಿ ಆವರೇಜ್ ಬರಿಸಿ ತೋರಿಸುತ್ತಾನೆ. “ಟೆಸ್ಟ್ ಮುಗಿಯೋತನಕ ಬಿಚ್ಚಂಗಿಲ್ಲ,” ಎಂದೆ. ಅವರು ಗೇರ್ ಇಳಿಸಿ ದಿಬ್ಬ ಏರಿಸಿದರು. ಕಂಪ್ಲಿಯವರೆಗೂ ಬರೀ ರಸ್ತೆ ನೋಡಿದರು.

ಕಂಪ್ಲಿಯಿಂದ ಮೆಟ್ರಿಗೆ ಹೋಗಿ ಅವರ ಮನೆಯ ಮುಂದೆ ನಿಲ್ಲಿಸಿದೆವು. ಸುತ್ತ ಭತ್ತದ ಗದ್ದೆ, ಬಾಳೆ ತೋಟ, ಕಾಲುವೆ ತುಂಬ ನೀರು. ಕೆಂಪು ಧೂಳಿನಿಂದ ಬಂದವನಿಗೆ ಕಣ್ಣು ತಣ್ಣಗಾಗುವಂಥ ಹಸಿರು. ಅವರ ಹೆಂಡತಿ ರೊಟ್ಟಿ, ಪಲ್ಯ ಮಾಡಿಟ್ಟಿದ್ದರು. ನಾನು ಹೊರಗೆ ಊಟ ಮಾಡುವುದಿಲ್ಲ ಎಂದು ಮಡಿಯ ನೆಪ ಹೇಳಿ ಒಂದು ಬಾಳೆಹಣ್ಣು ಮಾತ್ರ ತೆಗೆದುಕೊಂಡೆ. ಕಚೇರಿಯ ಕ್ಯಾಂಟೀನಿನಲ್ಲಿ ದಿನಾ ಇಡ್ಲಿ ತಿನ್ನುವವನು ಎಂದು ದೊಡ್ಡಪ್ಪನಿಗೆ ಗೊತ್ತಿತ್ತು. ಅವರು ನನ್ನ ಬಿಟ್ಟು ಒಬ್ಬರೇ ಊಟಕ್ಕೆ ಕೂರಲಿಲ್ಲ. ಹೊರಗೆ ಬಂದು ಚಕ್ರಗಳನ್ನು ನೋಡುತ್ತ ಹೋದರು. ಹಿಂದಿನ ಎಡ ಚಕ್ರದ ಹತ್ತಿರ ಕೈ ಇಟ್ಟವರು ಥಟ್ಟನೆ ಹಿಂದೆಗೆದರು. “ಇಲ್ಲಿ ಕೈ ಇಟ್ಟು ನೋಡ್ರಿ ಆಚಾರ್ರ,” ಎಂದರು. ನಾನು ಇಡಲಿಲ್ಲ. ಬಿಸಿಲಲ್ಲಿ ಓಡಿದ ಗಾಡಿ ಬಿಸಿಯಾಗದೆ ತಣ್ಣಗಿರುತ್ತದೆಯೇ ಎಂದೆ.

ಸಂಡೂರಿಗೆ ಬಂದು ಟ್ಯಾಂಕ್ ತುಂಬಿಸಿದಾಗ ಆವರೇಜ್ ಹತ್ತು ಬಂತು. ಇಡೀ ದಾರಿ ನಾನು ಪಕ್ಕದಲ್ಲಿದ್ದೆ, ಒಂದು ಹನಿ ಡೀಸೆಲ್ ಎಲ್ಲೂ ಇಳಿದಿರಲಿಲ್ಲ. ಯಾವ ನ್ಯಾಯದಲ್ಲಿ ನೋಡಿದರೂ ಆ ಮನುಷ್ಯ ಅಲ್ಲಿಗೆ ನಿರ್ದೋಷಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅಪ್ಪ ಹೇಳಿಕೊಟ್ಟಿದ್ದರು. ನಾನು ಪ್ರತ್ಯಕ್ಷ ಕಂಡದ್ದನ್ನೇ ನಂಬಲಿಲ್ಲ. ಕ್ಯಾಂಟೀನಿನಲ್ಲಿ ಅಷ್ಟು ಮಂದಿಯ ಮುಂದೆ ಆಡಿದ ಮಾತು ಸುಳ್ಳಾಗುತ್ತದಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು. ಹಾಗಾಗಿ ಹೊಸದೊಂದು ಕಾರಣ ಹುಟ್ಟಿಸಿದೆ. ತಾನು ಕದ್ದದ್ದು ಮುಚ್ಚಿಹೋಗಲಿ ಎಂದು ಬೇಕಂತಲೇ ಕ್ಲಚ್ಚಿನ ಮೇಲೆ ಕಾಲಿಟ್ಟು, ಗಾಡಿ ಡೀಸೆಲ್ ಕುಡಿಯುವ ಹಾಗೆ ಓಡಿಸಿದ್ದಾರೆ ಎಂದು ಮ್ಯಾನೇಜರಿಗೆ ಹೇಳಿದೆ. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಕೇಳಿದ್ದರೆ ತಡಬಡಾಯಿಸುತ್ತಿದ್ದೆ. ಅವರು ಕೇಳಲಿಲ್ಲ. “ತೆಗೆದುಬಿಡಂಡಿ,” ಎಂದರು.

ತೆಗೆಯುವ ಮಾತನ್ನು ನಾನೇ ಹೇಳಬೇಕಾಯಿತು. ದೊಡ್ಡಪ್ಪ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಅವರನ್ನು ದೊಡ್ಡಪ್ಪ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. “ನಾಳಿಯಿಂದ ಬರೂದು ಬ್ಯಾಡ್ರಿ,” ಎಂದಷ್ಟೇ ಹೇಳಿದೆ. ಅವರು ಕೀಲಿಯನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು.

“ಕಳ್ಳ ಅಂತ ಬರೀಬ್ಯಾಡ್ರಿ ಆಚಾರ್ರ. ವಯಸ್ಸಾತು, ಕಣ್ಣು ಕಾಣಂಗಿಲ್ಲ ಅಂತ ಬರೀರಿ. ಅಷ್ಟ ಉಪಕಾರ ಮಾಡ್ರಿ.”

ಹಾಗೆಯೇ ಬರೆದೆ. ಬರೆದದ್ದನ್ನು ಯಾರು ಓದುತ್ತಾರೆ? ಆಡಿದ್ದು ಆಗಲೇ ಡ್ರೈವರುಗಳ ಬಾಯಲ್ಲಿ ಕುರೆಕುಪ್ಪ, ಹೊಸಪೇಟೆ, ಕಂಪ್ಲಿ ದಾಟಿ ಹೋಗಿತ್ತು.

ಹೊಸ ಡ್ರೈವರ್ ಬಂದ, ಕಂಪ್ಲಿಯವನೇ. ಹತ್ತೇ ದಿನಕ್ಕೆ ಸರ್ವಿಸಿನ ಹೊತ್ತು ಬಂತು. ಹೊಸಪೇಟೆಯಿಂದ ಮಲಪನಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ಗಾಡಿಗಳನ್ನು ನೋಡುವ ಗ್ಯಾರೇಜಿತ್ತು. ಅದನ್ನು ನಡೆಸುತ್ತಿದ್ದ ಸಾಬರು ವಯಸ್ಸಾದ ಮೇಸ್ತ್ರಿ. ನಾನೇ ಸೀಲು ಕತ್ತರಿಸಿ ಕೊಟ್ಟೆ. ಅವರು ಏರ್ ಫಿಲ್ಟರ್ ಹೊರಗೆ ತೆಗೆದವರು ಹಾಗೇ ಹಿಡಿದುಕೊಂಡು ನಿಂತರು. ಮಡಿಕೆಗಳು ಕಾಣುತ್ತಿರಲಿಲ್ಲ. ಸಾರಿಸಿದ ನೆಲದ ಹಾಗೆ ಮೇಲೆಲ್ಲ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಕೆಳಗೆ ಹಳೆಯ ಪೇಪರ್ ಹಾಸಿ ಬಡಿದರು. ಬಿದ್ದ ಪುಡಿಯನ್ನು ಸೇರಿನಲ್ಲಿ ಅಳೆಯಬಹುದಿತ್ತು.

“ಅರೆ ಸಾಬ್, ಇದರಾಗ ಇನ್ನೊಂದು ಮೈನ್ಸ್ ತೆಗೀಬೋದು ನೋಡ್ರಿ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹಿಂದಿನ ಎಡ ಚಕ್ರ ಬಿಚ್ಚಿದರು. ಬ್ರೇಕು ಹಿಡಿದುಕೊಂಡು ಒಳಗೆಲ್ಲ ಸುಟ್ಟ ವಾಸನೆ. ಟೈರುಗಳಲ್ಲಿ ಗಾಳಿ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಫಿಲ್ಟರಿಗೆ ಒಳಗಿನಿಂದ ಗಾಳಿ ಹೊಡೆದು, ಬ್ರೇಕು ಸಡಿಲಿಸಿ, ಟೈರಿಗೆ ಗಾಳಿ ತುಂಬಿಸುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಖರ್ಚು ಎಂದರೆ ನಾವಿಬ್ಬರೂ ಕುಡಿದ ಚಹಾದ ಖರ್ಚಿಗೆ ಹತ್ತಿರ.

“ಮೆಟ್ರಿ ಯಜಮಾನ್ರು ಎಲ್ಲದಾರ್ರೀ?” ಎಂದು ಕೇಳಿದರು ಸಾಬರು ಕೈ ಒರೆಸಿಕೊಳ್ಳುತ್ತ. “ಅವರು ಇದ್ದಾಗ ಈ ಗಾಡಿ ಹಿಂಗ ಯಾವತ್ತೂ ಬಂದಿಲ್ಲ.”

ಬಿಟ್ಟು ಹೋದರು ಎಂದೆ. ಸಾಬರು ನನ್ನ ಕೈಯಲ್ಲಿದ್ದ ಇಕ್ಕಳವನ್ನೂ ನೆಲದ ಮೇಲೆ ಬಿದ್ದಿದ್ದ ಸೀಸದ ತುಂಡನ್ನೂ ನೋಡಿದರು. ಆಮೇಲೆ ಬಾನೆಟ್ ಮುಚ್ಚಿದರು. ನನಗೆ ಅಲ್ಲೇ ಕೂತು ಅಳಬೇಕು ಎನ್ನಿಸಿತು. ಅಳಲಿಲ್ಲ. ಕೆಲಸ ಹೋದೀತು ಎಂಬ ಹೆದರಿಕೆ ಅಳುವಿಗಿಂತ ಮೊದಲು ಬಂತು.

ಆ ವಾರದಲ್ಲೇ ಆವರೇಜ್ ಹದಿನೈದಕ್ಕೆ ಮರಳಿತು. ಮ್ಯಾನೇಜರು ಇಡೀ ಕಚೇರಿಗೆ ಕೇಳುವಂತೆ, “ಚೂಶಾರಾ? ನೋಡಿದ್ರಾ? ಡ್ರೈವರ್ ಚೇಂಜ್ ಮಾಡಿದ್ರೆ ಆವರೇಜ್ ಬಂತು ಕದಾ!” ಎಂದರು. ಜೀಪು ಡ್ರೈವರುಗಳು ತಲೆ ಆಡಿಸಿದರು. ಅಲ್ಲಿಯವರೆಗೆ ದೊಡ್ಡಪ್ಪನ ಮೇಲಿದ್ದದ್ದು ಬರೀ ಅನುಮಾನ. ನಾನು ಗಾಡಿ ಸರಿ ಮಾಡಿಸಿದ್ದರಿಂದ ಅದಕ್ಕೆ ಸಾಕ್ಷಿ ಸಿಕ್ಕಿತು. ಆ ಹೊತ್ತಿಗೆ ಎದ್ದು ನಿಂತು, ಅಲ್ಲ ಸರ್, ಫಿಲ್ಟರ್ ಕಟ್ಟಿತ್ತು, ಕಟ್ಟಿದ್ದು ನಾನು ಹಾಕಿದ ಸೀಲಿನಿಂದ ಎಂದು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ನಾನು ಮೇಜಿನ ಮೇಲಿನ ಹಲಗೆ ಒರೆಸುತ್ತ ಕೂತೆ. ಹೊಸ ಡ್ರೈವರ್ ನಂಬಿಗಸ್ತ, ಇನ್ನು ಸೀಲು ಬೇಕಿಲ್ಲ ಎಂದು ಮರುದಿನ ಮೆಲ್ಲಗೆ ಹೇಳಿ ಎಲ್ಲ ಸೀಲುಗಳನ್ನೂ ತೆಗೆಸಿದೆ. ಹೊಸ ಡ್ರೈವರನಿಗೆ ದಿನಾ ಬೆಳಿಗ್ಗೆ ಫಿಲ್ಟರ್ ಬಡಿಯಲು ಹೇಳಿಕೊಟ್ಟೆ. “ಭಾಳ ತಿಳಕೊಂಡೀರಿ ಸರ,” ಎಂದ ಅವನು.

ನಾಲ್ಕು ತಿಂಗಳು ಹೀಗೇ ಕಳೆದವು. ದಿನಾ ಬೆಳಿಗ್ಗೆ ಬೇವಿನ ಕಟ್ಟೆಗೆ ಫಿಲ್ಟರ್ ಬಡಿಯುವ ಸದ್ದು ಕೇಳಿದರೆ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದೆ. ಕೊನೆಗೆ ಒಂದು ಭಾನುವಾರ ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ, ಅಲ್ಲಿಂದ ಟೆಂಪೊ ಹಿಡಿದು ಮೆಟ್ರಿಗೆ ಹೋದೆ. ದೊಡ್ಡಪ್ಪನಿಗೆ ನಿಜ ಹೇಳಿ ಕ್ಷಮೆ ಕೇಳಿ ಬರುವುದು ಎಂದು ನಿರ್ಧರಿಸಿದ್ದೆ.

ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಕುಂದ್ರಿ ಎಂದರು, ಆದರೆ ಚಾಪೆ ಹಾಸಲಿಲ್ಲ. ದೊಡ್ಡಪ್ಪ ಬೇರೆಯವರ ಗದ್ದೆಗೆ ನೀರು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಾರೆಂದು ಅವರಿಂದ ತಿಳಿಯಿತು. “ಸ್ಟೇರಿಂಗ್ ಯಾರೂ ಕೊಡವಲ್ರು. ಮೊನ್ನಿ ಅಣ್ತಮ್ಮರ ಮನಿ ಮದಿವ್ಯಾಗೂ ಗಾಡಿ ಹೊಡಿಯಾಕ ಬ್ಯಾರೆಯವರನ್ನ ಕರದ್ರು. ಅವತ್ತು ಇವರು ಉಣ್ಣಲಿಲ್ರೀ,” ಎಂದರು. ಪಕ್ಕದ ಮನೆಯವನ ಕೈಲಿ ಗದ್ದೆಗೆ ಹೇಳಿ ಕಳಿಸಿದರು. ಬಹಳ ಹೊತ್ತು ಕಾದೆ. ದೊಡ್ಡಪ್ಪ ಬಂದಾಗ ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಸಂತೋಷವಿದ್ದ ಹಾಗೆ ಕಂಡಿತು, ನನಗೆ ಅರ್ಥವಾಗಲಿಲ್ಲ.

“ಬರ್ರಿ ಆಚಾರ್ರ. ಮನ್ಯಾಗ ಸೆಕಿ, ಕಟ್ಟಿಗೆ ಹೋಗೂಣು ನಡ್ರಿ,” ಎಂದರು.

ಊರ ನಡುವಿನ ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದರು. ಇನ್ನೂ ಇಬ್ಬರು ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತ ಬಂದು ಸೇರಿದರು. ದೊಡ್ಡಪ್ಪ ನನ್ನನ್ನು ನಡುವೆ ಕೂರಿಸಿ ತಾವು ಒಂದು ಬದಿಗೆ ನಿಂತರು. ಅವರೊಬ್ಬರಿಗಷ್ಟೇ ಹೇಳಬೇಕೆಂದು ಬಂದವನು ನಾನು. ಇಷ್ಟು ಮುಖಗಳ ಲೆಕ್ಕ ನನ್ನಲ್ಲಿರಲಿಲ್ಲ. ಬಿಳಿ ಮೀಸೆಯ ಹಿರಿಯರೊಬ್ಬರು ಶುರು ಮಾಡಿದರು.

“ಆ ಆಪೀಸಿನವರು ನೀವಾ ಏನ್ರಿ? ಈಗ ಆ ಗಾಡಿ ಎಷ್ಟು ಕೊಡತೈತ್ರೀ ಆವರೇಜು?”

ಎಲ್ಲರೂ ನನ್ನ ಬಾಯಿ ನೋಡಿದರು. ಹದಿನೈದು ಎಂದರೆ ಮುಂದಿನದನ್ನೂ ಹೇಳಬೇಕು. ಸೀಲಿನ ಕಥೆ, ಇಕ್ಕಳದ ಕಥೆ, ಬಿಚ್ಚುವುದಿಲ್ಲ ಎಂದ ಕಥೆ, ಎಲ್ಲ. ಈ ಊರವರ ಬಾಯಿಂದ ಅದು ಒಂದೇ ದಿನದಲ್ಲಿ ಸಂಡೂರಿನ ಮ್ಯಾನೇಜರನ್ನು ಮುಟ್ಟುತ್ತದೆ. ಹತ್ತು ಎಂದುಬಿಟ್ಟರೆ ಯಾರು ಓಡಿಸಿದರೂ ಅಷ್ಟೇ ಎಂದಾಗುತ್ತದೆ, ದೊಡ್ಡಪ್ಪನ ಮೇಲಿನ ಅಪವಾದವೂ ಕಳೆಯುತ್ತದೆ, ನಾನೂ ಉಳಿಯುತ್ತೇನೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಷ್ಟೆಲ್ಲ ಹೊಳೆಯಿತು. ನನ್ನ ಬುದ್ಧಿ ಅಂಥ ಹೊತ್ತಿನಲ್ಲಿ ಮಾತ್ರ ಬಲು ಚುರುಕು.

“ಅಷ್ಟೇ ಅದರೀ,” ಎಂದೆ. “ಈಗೂ ಹತ್ತೇ.”

ಒಬ್ಬ ಮೂಗಿನಲ್ಲೇ ನಕ್ಕು ಎದ್ದು ಹೋದ. ಹಿರಿಯರು, “ಹೌದೇನ್ರಿ,” ಎಂದು ಬೇರೆ ಕಡೆ ನೋಡಿದರು. ದೊಡ್ಡಪ್ಪ ಕಾಲಿನ ಒಣ ಕೆಸರನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದರು. ಆಮೇಲೆ, “ನಡ್ರಿ, ಟೆಂಪೊ ಬರೂ ಹೊತ್ತಾತು,” ಎಂದರು.

ಇಬ್ಬರೂ ರಸ್ತೆಯ ಕಡೆ ನಡೆದೆವು. ಕಾಲುವೆಯ ಸೇತುವೆ ದಾಟಿದ ಮೇಲೆ ಅವರೇ ಮಾತಾಡಿದರು.

“ಹೊಸಪ್ಯಾಟಿ ಸಾಬ್ರು ನನಗ ಎಲ್ಲಾ ಹೇಳ್ಯಾರ್ರೀ. ಫಿಲ್ಟರ್‌ನಾಗ ಎಷ್ಟು ಮಣ್ಣು ಬಿತ್ತು, ಯಾವ ಗಾಲಿ ಹಿಡದಿತ್ತು, ಎಲ್ಲಾ. ಗಾಡಿ ಹದಿನೈದು ಕೊಡತೈತಿ ಅಂತ ನಿಮ್ಮ ಹೊಸಾ ಡ್ರೈವರ್ ಕಂಪ್ಲಿ ತುಂಬ ಹೇಳ್ಕೊಂಡು ತಿರಗ್ಯಾನ. ಕಟ್ಟಿ ಮ್ಯಾಲೆ ಕುಂತವರಿಗೂ ಗೊತ್ತೈತಿ. ನನ್ನ ಸಲುವಾಗಿ ಸುಳ್ಳು ಹೇಳಾಕ ಬಂದೀರಿ ಅಂತ ತಿಳಕೊಂಡ್ರು.”

“ಫಿಲ್ಟರ್ ಸಂಗತಿ ನೀವೇ ಅವರಿಗೆ ಹೇಳಬಾರದಾಗಿತ್ತೇನು ದೊಡ್ಡಪ್ಪ?” ಎಂದೆ.

“ಹೇಳೀನ್ರೀ. ನಾಕು ತಿಂಗಳಿಂದ ಹೇಳಾಕತ್ತೀನಿ. ಕಳ್ಳ ಹೇಳಿದ್ದನ್ನ ಯಾರು ನಂಬತಾರ?” ಅವರ ದನಿ ಏರಲಿಲ್ಲ. “ನೀವು ಬಂದೀರಿ ಅಂತ ಗದ್ದಿಗೆ ಸುದ್ದಿ ಬಂತು. ಹೇಳಾಕ ಬಂದಾರ ಅನ್ಕೊಂಡೆ. ಬರೂವಾಗ ಮನಿ ಮನಿಗೆ ಹೋಗಿ ನಾನಾ ಎಲ್ಲಾರನ್ನೂ ಕಟ್ಟಿಗೆ ಕರದು ಬಂದಿದ್ದೆ.”

ಟೆಂಪೊ ಬಂತು. ಅವರೇ ಕೈ ಅಡ್ಡ ಮಾಡಿ ನಿಲ್ಲಿಸಿದರು. ನಾನು ಹತ್ತಿ ಕೂತೆ. ತಿರುಗಿ ಕಟ್ಟೆಗೆ ಹೋಗೋಣ ಎನ್ನಲು ಆಗಲೂ ಹೊತ್ತಿತ್ತು, ಟೆಂಪೊದವನು ಮಂದಿ ತುಂಬಲಿ ಎಂದು ಐದು ನಿಮಿಷ ನಿಲ್ಲಿಸಿಕೊಂಡಿದ್ದ. ದೊಡ್ಡಪ್ಪ ಅಷ್ಟು ಹೊತ್ತೂ ರಸ್ತೆಯ ಬದಿಯಲ್ಲೇ ನಿಂತಿದ್ದರು.

ಆಮೇಲೆ ಅವರನ್ನು ನಾನು ನೋಡಲಿಲ್ಲ. ಗಣಿಗಳು ನಿಂತವು, ಕಚೇರಿ ಮುಚ್ಚಿತು, ಯಾರಿಗೆ ಹೆದರಿ ಸುಳ್ಳು ಹೇಳಿದ್ದೆನೋ ಆ ಮ್ಯಾನೇಜರೂ ಊರು ಬಿಟ್ಟು ಹೋದರು. ದೊಡ್ಡಪ್ಪ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಯಾರೋ ಬಸ್ಸಿನಲ್ಲಿ ಹೇಳಿದರು. ಈಗ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಬರೆದು ಮುಗಿಸಿ ನೋಡಿದರೆ ಇದರಲ್ಲಿ ಅವರ ಹೆಸರಿಲ್ಲ, ನನ್ನದೂ ಇಲ್ಲ. ಮೆಟ್ರಿಯ ಕಟ್ಟೆಯ ಮೇಲೆ ಕೂತವರ ಮಕ್ಕಳಲ್ಲಿ ಯಾರಾದರೂ ಇದನ್ನು ಓದಿದರೂ ಇದು ಯಾರದೋ ಕಥೆ ಎಂದುಕೊಳ್ಳುತ್ತಾರೆ.